ಗುಳ್ಳೆ ಎಣಿಸುವ ಮನೆ

ಮಾರ್ಚ್ ೪, ಸೋಮವಾರ

ಇವತ್ತು ನನ್ನ ಬಟ್ಟೆ ಒಗೆಯುವ ಟಬ್ಬು ವಿಜ್ಞಾನಕ್ಕೆ ಹೋಯಿತು.

ಅಣ್ಣನ ಹೆಂಡತಿ ಕಿತ್ತುಕೊಂಡಳು ಅಂತ ಹೇಳಲಾರೆ, ಕೇಳಿಯೇ ತೆಗೆದುಕೊಂಡಳು. "ನಾದಿನಿಯವರೇ, ಈ ತಿಂಗಳ ಮಟ್ಟಿಗೆ ಇದನ್ನ ನಂಗೆ ಕೊಡ್ತೀರಾ?" ಅಂತ ನಗುತ್ತ ಕೇಳಿದಳು. ನಾನು ತಲೆ ಆಡಿಸಿದೆ. ಹೂಂ ಅಂತ ಆಡಿಸಿದೆನೋ ಊಹೂಂ ಅಂತ ಆಡಿಸಿದೆನೋ ನನಗೇ ಗೊತ್ತಿಲ್ಲ. ಅವಳು ಹೂಂ ಅಂದುಕೊಂಡು ಟಬ್ಬು ಎತ್ತಿಕೊಂಡು ಹೋದಳು. ಹೆಚ್ಚು ಓದಿದವರಿಗೆ ಎದುರಿನವರ ತಲೆ ಯಾವಾಗಲೂ ತಮಗೆ ಬೇಕಾದ ಕಡೆಗೇ ಆಡುತ್ತದೆ.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಯಾರೂ ಕೇಳುವುದಿಲ್ಲ. ಈ ಮನೆಯಲ್ಲಿ ನನ್ನ ಹೆಸರು ಮೂಗಿ. ನನಗೆ ಮಾತು ಬರುತ್ತದೆ. ಎದುರಿಗೆ ಮನುಷ್ಯರಿದ್ದರೆ ಮಾತ್ರ ಅದು ಗಂಟಲಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತದೆ. ಅದಕ್ಕೇ ಇಲ್ಲಿ ಬರೆಯುವುದು. ಐದನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇಷ್ಟಕ್ಕಾದರೂ ಬರಲಿ. ಆಮೇಲೆ ಅಮ್ಮ ಹಾಸಿಗೆ ಹಿಡಿದಳು, ಒಲೆ ನನ್ನ ಕೈಗೆ ಬಂತು. ಅಮ್ಮ ಹೋದಮೇಲೂ ಒಲೆ ನನ್ನ ಕೈಯಲ್ಲೇ ಉಳಿಯಿತು. ಅಡುಗೆಮನೆ, ಹಿಂದಿನ ಕೋಣೆ, ನಲ್ಲಿ, ಟಬ್ಬು ಎಲ್ಲವೂ ನನ್ನದೇ ಆಗಿತ್ತು, ಅಣ್ಣ ಮದುವೆಯಾಗಿ ಈ ಪ್ರೊಫೆಸರಮ್ಮನನ್ನು ಕರೆದುಕೊಂಡು ಬರುವವರೆಗೆ.

ಬಟ್ಟೆಯನ್ನು ಬಕೆಟ್ಟಿನಲ್ಲಿ ಒಗೆದೆ. ಹೊದಿಕೆ ಬಕೆಟ್ಟಿನಲ್ಲಿ ಹಿಡಿಸುವುದಿಲ್ಲ. ಅರ್ಧ ಒಗೆದು, ತಿರುಗಿಸಿ ಇನ್ನರ್ಧ ಒಗೆದೆ. ವಿಜ್ಞಾನ ಬೆಳೆಯಲಿ.

ಮಾರ್ಚ್ ೬, ಬುಧವಾರ

ಪ್ರೊಫೆಸರಮ್ಮ ಪ್ರೊಫೆಸರೇನಲ್ಲ. ಇನ್ನೂ ಒಂದು ಪರೀಕ್ಷೆ ಪಾಸಾಗಬೇಕು, ಹೋದ ಸಲ ಡುಮ್ಕಿ ಹೊಡೆದಿದ್ದಾಳೆ. ಈ ಸಲವೇ ಕೊನೆ. ಒಂದು ಪ್ರಯೋಗವನ್ನು ತಾನೇ ಮಾಡಿ, ವರದಿ ಬರೆದು, ಬರುವ ತಿಂಗಳ ಒಂದನೇ ತಾರೀಖು ಅವಳ ಮೇಷ್ಟ್ರ ಕೈಗೆ ಕೊಡಬೇಕಂತೆ. ಪಾಸಾದರೆ ನೀರು ಸರಬರಾಜಿನವರ ಲ್ಯಾಬಿನಲ್ಲಿ ಕೆಲಸ ಸಿಗುತ್ತದಂತೆ. ಇಷ್ಟನ್ನೂ ಅವಳೇ ನನಗೆ ಹೇಳಿದಳು, ನಾನು ಆಲೂಗಡ್ಡೆ ಸಿಪ್ಪೆ ತೆಗೆಯುವಾಗ. ನಾನೇನೂ ಕೇಳಿರಲಿಲ್ಲ.

ಪ್ರಯೋಗ ಅಂದರೆ ಇದು. ಒಂದು ಬಾಟಲಿಗೆ ನೀರು ಬೆರೆಸಿದ ಆಸಿಡ್ಡು ಹಾಕುವುದು. ಅದರೊಳಗೆ ಸೀಮೆಸುಣ್ಣವನ್ನೋ ಮೊಟ್ಟೆಯ ಚಿಪ್ಪನ್ನೋ ಅಮೃತಶಿಲೆಯ ಚೂರನ್ನೋ ಹಾಕಿ ಬಿರಡೆ ಜಡಿಯುವುದು. ಗುಳ್ಳೆ ಏಳುತ್ತದೆ. ಗುಳ್ಳೆಯೊಳಗಿನ ಗಾಳಿ ರಬ್ಬರ್ ಕೊಳವೆಯಲ್ಲಿ ಹರಿದು ನನ್ನ ಟಬ್ಬಿಗೆ ಬರುತ್ತದೆ. ಟಬ್ಬಿನ ನೀರಿನಲ್ಲಿ ಗೆರೆ ಹಾಕಿದ ಉದ್ದನೆಯ ಗಾಜೊಂದು ತಲೆಕೆಳಗಾಗಿ ನಿಂತಿರುತ್ತದೆ. ಗಾಳಿ ಅದರೊಳಗೆ ತುಂಬಿದಷ್ಟೂ ನೀರು ಕೆಳಗಿಳಿಯುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಎಷ್ಟು ಇಳಿಯಿತು ಅಂತ ಬರೆದುಕೊಳ್ಳುವುದು. ಈ ಜಾತಿಯ ವಸ್ತುಗಳಿಗೆಲ್ಲ ಕಾರ್ಬೊನೇಟು ಅಂತ ಹೆಸರು. ಇವು ಮೂರರಲ್ಲೂ ಸುಣ್ಣದ ಲೋಹವೇ, ಬೇರೆ ಕಾರ್ಬೊನೇಟುಗಳಲ್ಲಿ ಬೇರೆ ಬೇರೆ ಲೋಹ ಸೇರಿಕೊಂಡಿರುತ್ತದಂತೆ. ಯಾವುದು ಎಷ್ಟು ಬೇಗ ಕರಗುತ್ತದೆ ಅಂತ ಹೋಲಿಸಿ ನೋಡುವುದೇ ಇಡೀ ಪುರಾಣ.

ಊಟಕ್ಕೆ ಕೂತಾಗ ಅಣ್ಣ ಕೇಳಿದ. "ಅಲ್ಲಾ, ಇದರಿಂದ ಏನು ಸಿಗುತ್ತೆ?"

"ಯಾವುದು ಎಷ್ಟು ಬೇಗ ಕರಗುತ್ತೆ ಅಂತ ಗೊತ್ತಾಗುತ್ತೆ ರೀ."

"ಗೊತ್ತಾದ್ರೆ?"

"ಗೊತ್ತಾಗುತ್ತೆ, ಅಷ್ಟೆ."

"ನಾನು ಮೀಸೆ ಬಂದಾಗಿಂದ ಟ್ಯಾಂಕಿಗೆ ಆಸಿಡ್ ಸುರೀತಿದೀನಿ. ಒಂದು ಗುಳ್ಳೇನೂ ಎಣಿಸಿಲ್ಲ. ಹೊಟ್ಟೆ ತುಂಬ್ತಾ ಇದೆಯಲ್ಲ?"

"ಎಣಿಸಿದ್ದಿದ್ರೆ ಇನ್ನೂ ಸ್ವಲ್ಪ ತುಂಬ್ತಿತ್ತೇನೋ" ಅಂದಳು. ಅಪ್ಪನಿಗೆ ನಗು ಬಂದು ತುತ್ತು ನೆತ್ತಿಗೇರಿತು.

ಅಣ್ಣನಿಗೆ ನಗು ಬರಲಿಲ್ಲ. "ತಿಂಗಳ ಕೊನೆ ಅಂದ್ರೆ ಕೊನೆ. ಈ ಸಲಾನೂ ಆಗಲಿಲ್ಲ ಅಂದ್ರೆ ಬಾಟ್ಲಿಗಳೆಲ್ಲ ಗುಜರಿಗೆ. ನೀನು ಸುಮ್ನೆ ನಮ್ಮ ಆಫೀಸಿನ ಫೋನು ಎತ್ಕೊಂಡು ಕೂತ್ಕೋ."

ಅವನ ಆಫೀಸು ಅಂದರೆ ನಮ್ಮ ಮುಂದಿನ ಕೋಣೆಯ ಮೇಜು. ಅದರ ಮೇಲೆ ಒಂದು ಫೋನು, ಒಂದು ಕ್ಯಾಲೆಂಡರು. ಅವಳು ತಟ್ಟೆಯ ಅಂಚಿನಲ್ಲಿ ಬೆರಳು ಓಡಿಸುತ್ತಿದ್ದಳು. ಗುಜರಿಯವನು ಬರಲಿ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಟಬ್ಬನ್ನು ಬಿಟ್ಟು ಉಳಿದದ್ದೆಲ್ಲ ಒಯ್ಯಲಿ.

ಮಾರ್ಚ್ ೯, ಶನಿವಾರ

ಇವತ್ತು ಸಹಾಯ ಮಾಡಲು ಹೋಗಿ ಕೆಟ್ಟೆ. ಸಹಾಯ ಅಂತ ಬರೆದೆನಲ್ಲ, ಅದೂ ಪೂರ್ತಿ ನಿಜವಲ್ಲ. ಅಮೃತಶಿಲೆಯ ಚೂರುಗಳನ್ನು ತೂಗಿ ಒಂದು ಬಟ್ಟಲಲ್ಲಿಟ್ಟು ಅವಳು ಸ್ನಾನಕ್ಕೆ ಹೋಗಿದ್ದಳು. ದಿನವೂ ನೋಡುತ್ತಿದ್ದೆನಲ್ಲ, ಆ ಚೂರುಗಳು ಮೈಮುರಿದುಕೊಂಡು, ಆಕಳಿಸಿಕೊಂಡು, ಒಂದೊಂದೇ ಗುಳ್ಳೆ ಬಿಡುತ್ತವೆ. ಅವು ಕರಗುವವರೆಗೆ ನನಗೆ ನಲ್ಲಿ ಸಿಗುವುದಿಲ್ಲ. ಬೇಗ ಮುಗಿಯಲಿ ಅಂತ ಕುಟ್ಟಾಣಿಗೆ ಹಾಕಿ ನುಣ್ಣಗೆ ಕುಟ್ಟಿ, ಮತ್ತೆ ಅದೇ ಬಟ್ಟಲಿಗೆ ತುಂಬಿಸಿಟ್ಟೆ.

ಅವಳು ತಲೆಗೆ ಟವೆಲು ಸುತ್ತಿಕೊಂಡು ಬಂದಳು, ಬಟ್ಟಲೊಳಗೆ ನೋಡದೆ ಬಾಟಲಿಗೆ ಸುರಿದಳು, ಬಿರಡೆ ಜಡಿದಳು. ಆಮೇಲೆ ಆದದ್ದನ್ನು ಏನು ಹೇಳಲಿ. ಹಾಲು ಉಕ್ಕಿದ ಹಾಗೆ ಬುಸ್ಸೆಂದು ನೊರೆ ಎದ್ದಿತು. ಬಿರಡೆ ಹಾರಿ ಸೂರಿಗೆ ಬಡಿದು, ಅಲ್ಲಿಂದ ಬಾಗಿಲಲ್ಲಿ ನಿಂತಿದ್ದ ಡ್ರಮ್ಮಣ್ಣನ ಬೋಳುತಲೆಗೆ ಬಿತ್ತು. ಡ್ರಮ್ಮಣ್ಣ ಅಂದರೆ ಅಣ್ಣನ ಜೊತೆ ಟ್ಯಾಂಕು ತೊಳೆಯುವವನು. ಆಸಿಡ್ಡಿನ ಡ್ರಮ್ಮು ಉರುಳಿಸುವುದು ಅವನ ಕೆಲಸ. ಉರುಳಿಸುವಾಗ ಯಾವುದು ಡ್ರಮ್ಮು, ಯಾವುದು ಅವನು ಅಂತ ತಿಳಿಯುವುದಿಲ್ಲ.

"ತಂಗೀ, ಇದು ಅಡುಗೆಮನೆಯೋ ಯುದ್ಧಭೂಮಿಯೋ?" ಅಂತ ಅವನು ತಲೆ ಉಜ್ಜಿಕೊಂಡ. "ಟೀ ಕೇಳೋಕೆ ಬಂದ್ರೆ ಗುಂಡು ಹಾರಿಸ್ತೀರಲ್ಲಾ!"

ಬೈಗುಳಕ್ಕೆ ಕಾಯುತ್ತ ನಿಂತೆ. ಕುಟ್ಟಾಣಿ ಇನ್ನೂ ಬಿಳಿಬಿಳಿಯಾಗಿ ಅಲ್ಲೇ ಇತ್ತು. ಪ್ರೊಫೆಸರಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕೈಗೆ ಹತ್ತಿದ್ದ ನೊರೆಯನ್ನು ನಲ್ಲಿಗೆ ಹಿಡಿದಳು. "ತೂಕ ಅಷ್ಟೇ, ಆಸಿಡ್ಡೂ ಅಷ್ಟೇ. ಪುಡಿ ಮಾಡಿದ್ದಕ್ಕೇ ಇಷ್ಟು ಬೇಗ. ನಾದಿನಿಯವರೇ, ಇನ್ನೂ ಸ್ವಲ್ಪ ಕುಟ್ಟಿ ಕೊಡ್ತೀರಾ? ಅರ್ಧ ಚೂರು, ಅರ್ಧ ಪುಡಿ. ಎರಡನ್ನೂ ಅಳೀಬೇಕು" ಅಂದಳು.

ಬೈಯಬೇಕಾದಲ್ಲಿ ಬೈಯುವುದಕ್ಕೂ ಬಾರದವಳು ಸಂಸಾರ ಹೇಗೆ ಮಾಡುತ್ತಾಳೋ. ಕುಟ್ಟಿಕೊಟ್ಟೆ. ಮೂರು ಬಗೆ ಮಾಡಿದೆ. ದಪ್ಪ, ರವೆಯಷ್ಟು, ಹಿಟ್ಟಿನಷ್ಟು. ಎರಡೇ ಕೇಳಿದ್ದಳು. ನನಗೆ ಅರೆಬರೆ ಕೆಲಸ ಆಗುವುದಿಲ್ಲ.

ಮಾರ್ಚ್ ೧೨, ಮಂಗಳವಾರ

ಈಗ ನನಗೊಂದು ಉದ್ಯೋಗ ಸಿಕ್ಕಿದೆ. ಕೈಯಲ್ಲಿ ಸ್ಟಾಪ್ ವಾಚು ಹಿಡಿದುಕೊಂಡು ಕೂರುವುದು. ಅರ್ಧ ನಿಮಿಷವಾದಾಗಲೆಲ್ಲ "ಆಯ್ತು" ಅಂತ ಕೂಗಬೇಕಂತೆ. ಅವಳ ಒಂದು ಕೈ ಬಿರಡೆಯ ಮೇಲೆ, ಇನ್ನೊಂದು ಗಾಜಿನ ಮೇಲೆ, ಕಣ್ಣು ಗೆರೆಯ ಮೇಲೆ. ಬಾಯಿ ಮಾತ್ರ ಖಾಲಿ ಇರುತ್ತದೆ, ಅದಕ್ಕೇ ಅದು ನಿಲ್ಲುವುದೇ ಇಲ್ಲ.

ಕೂಗು ನನಗೆ ಬರಲಿಲ್ಲ. ಬಾಯಿ ತೆರೆದೆ, ಗಾಳಿಯೂ ಬರಲಿಲ್ಲ. ಅವಳು ಗೆರೆ ನೋಡುವುದು ತಪ್ಪಿತು. ಎರಡನೇ ಸಲ ಸ್ಟೀಲಿನ ಗ್ಲಾಸಿಗೆ ಚಮಚದಿಂದ ಟಣ್ ಅಂತ ಹೊಡೆದೆ. "ಇದೇ ಚೆನ್ನಾಗಿದೆ" ಅಂದಳು. ಹೀಗೆ ಇಡೀ ಸಾಯಂಕಾಲ ಟಣ್, ಟಣ್. ಮುಂದಿನ ಕೋಣೆಯಿಂದ ಅಪ್ಪ, "ಏನಮ್ಮಾ, ಮನೆಯೊಳಗೆ ಐಸ್‌ಕ್ರೀಮಿನವನು ಬಂದಿದಾನಾ?" ಅಂದ.

ಅಪ್ಪ ಮಂಡಿ ಹೋಗಿ ಕುರ್ಚಿಗೆ ಅಂಟಿಕೊಂಡಿದ್ದಾನೆ. ಇಲ್ಲದಿದ್ದರೆ ಅವನೇ ಟ್ಯಾಂಕಿಗೆ ಇಳಿಯುತ್ತಿದ್ದ. ನಮ್ಮ ಕಡೆಯ ನೀರು ಗಡಸು. ಬಿಸಿನೀರಿನ ಟ್ಯಾಂಕುಗಳ ಒಳಮೈಗೆ ವರ್ಷ ತುಂಬುವುದರೊಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಆಸಿಡ್ಡು ಸುರಿದು ಅದನ್ನು ಕರಗಿಸಿ, ನೀರು ಹೊರಗೆ ಬಿಟ್ಟು, ಮೇಲಿನ ಬಾಯಿಯಿಂದ ಒಳಗಿಳಿದು ಉಳಿದದ್ದನ್ನು ಕೆರೆಯುವುದು ನಮ್ಮ ಮನೆಯ ಕಸುಬು. ಅಪ್ಪನ ಕಾಲದ ಎರಡು ಕಟ್ಟಳೆ ಇವೆ. ಸೊಂಟಕ್ಕೆ ಹಗ್ಗ ಕಟ್ಟದೆ ಇಳಿಯಬಾರದು. ಆಸಿಡ್ಡು ಸುರಿದ ದಿನ ಇಳಿಯಲೇಬಾರದು, ಟ್ಯಾಂಕಿನ ಬಾಯಿ ತೆರೆದಿಟ್ಟು ಮಾರನೇ ದಿನವೇ ಇಳಿಯಬೇಕು.

ಯಾಕೆ ಅಂತ ಪ್ರೊಫೆಸರಮ್ಮ ಇವತ್ತು ಕೇಳಿದಳು. "ನಂಗೆ ಕಲಿಸಿದೋನು ಹೇಳಿದ್ದ, ನಾನು ಮಾಡ್ದೆ" ಅಂದ ಅಪ್ಪ.

"ಆಸಿಡ್ಡು ನಿಧಾನ, ಅದಕ್ಕೆ ಒಂದು ರಾತ್ರಿ ಬೇಕು, ಇನ್ನೇನು" ಅಂದ ಅಣ್ಣ.

ನಮ್ಮ ಮನೆಯ ಗಂಡಸರಿಗೆ ಎಲ್ಲದಕ್ಕೂ ಉತ್ತರ ಗೊತ್ತು. ಪ್ರಶ್ನೆ ಯಾವುದು ಅಂತಷ್ಟೇ ಗೊತ್ತಿರುವುದಿಲ್ಲ.

ಮಾರ್ಚ್ ೧೪, ಗುರುವಾರ

ದೊಡ್ಡ ಜಾದೂ ತೋರಿಸಿದಳು. ಗಾಜಿನೊಳಗೆ ಸೇರಿದ ಗಾಳಿಯನ್ನು ಒಂದು ಜಾಡಿಯಲ್ಲಿ ಹಿಡಿದಳು. ಸ್ಟೀಲಿನ ಗ್ಲಾಸಿನ ತಳದಲ್ಲಿ ಮೇಣದಬತ್ತಿಯ ಮೋಟು ಹಚ್ಚಿಟ್ಟಳು. ಆಮೇಲೆ ನೀರು ಬಗ್ಗಿಸುವ ಹಾಗೆ ಖಾಲಿ ಜಾಡಿಯನ್ನು ಗ್ಲಾಸಿನೊಳಗೆ ಬಗ್ಗಿಸಿದಳು. ದೀಪ ಆರಿತು.

"ಕಾಣಲ್ಲ, ಆದ್ರೆ ಇದೆ. ನಮ್ಮ ಗಾಳಿಗಿಂತ ಭಾರ, ಅದಕ್ಕೆ ತಳದಲ್ಲಿ ಹೋಗಿ ಕೂರುತ್ತೆ. ಇದರೊಳಗೆ ಬೆಂಕಿ ಉರಿಯಲ್ಲ. ನಾವಿದ್ರೆ ನಾವೂ ಆರಿ ಹೋಗ್ತೀವಿ" ಅಂದಳು.

ಇಷ್ಟಕ್ಕೆ ಬಾಟಲಿ, ಬಿರಡೆ, ಕೊಳವೆ, ಟಬ್ಬು. ಬಾಯಲ್ಲಿ ಉಫ್ ಅಂದಿದ್ದರೆ ಆರುತ್ತಿತ್ತು.

ಅವಳು ಅಂಗಡಿಗೆ ಹೋದಾಗ ನಾನೂ ಒಂದು ಸಲ ಮಾಡಿ ನೋಡಿದೆ. ಮೇಣದಬತ್ತಿಯಲ್ಲೇ ಏನೋ ದೋಷವಿರಬಹುದು ಅಂತ ಪರೀಕ್ಷಿಸಲು, ಅಷ್ಟೆ. ಆರಿತು. ಇನ್ನೊಂದು ಮೇಣದಬತ್ತಿ ತಂದು ನೋಡಿದೆ. ಅದೂ ಆರಿತು. ಮೂರನೆಯದನ್ನು ಹಚ್ಚುವಷ್ಟರಲ್ಲಿ ಅಪ್ಪ ಟೀ ಅಂತ ಕೂಗಿದ.

ಮಾರ್ಚ್ ೧೭, ಭಾನುವಾರ

ತಣ್ಣನೆಯ ಆಸಿಡ್ಡು, ಬಿಸಿ ಆಸಿಡ್ಡು. ಅದೇ ಚೂರು, ಅದೇ ತೂಕ. ಆಸಿಡ್ಡಿನ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿಕೊಂಡೆವು. ಬಿಸಿಯದು ಓಡಿಬಿಟ್ಟಿತು. ತಣ್ಣನೆಯದು ಅರ್ಧ ದಾರಿಯಲ್ಲಿ ಉಸ್ಸಪ್ಪಾ ಅನ್ನುವಾಗ ಬಿಸಿಯದು ಮುಗಿಸಿ ಕೈ ತೊಳೆದುಕೊಂಡಿತ್ತು. ಅತ್ತಿಗೆ ಚೌಕಳಿ ಹಾಳೆಯ ಮೇಲೆ ಗೆರೆ ಎಳೆದಳು. ಒಂದು ಗೆರೆ ಗುಡ್ಡ ಹತ್ತಿದ ಹಾಗೆ, ಇನ್ನೊಂದು ಮುದುಕರು ಮೆಟ್ಟಿಲು ಹತ್ತಿದ ಹಾಗೆ.

ಅವಳು ಎಳೆದ ಗೆರೆ ಒಂದು ಕಡೆ ಸೊಟ್ಟಗಿತ್ತು. ಬೆರಳಿಟ್ಟು ತೋರಿಸಿದೆ. ಅಳಿಸಿ ಮತ್ತೆ ಎಳೆದಳು. ಇಷ್ಟು ಓದಿಸಿ ಏನು ಪ್ರಯೋಜನ, ಒಂದು ಗೆರೆ ನೆಟ್ಟಗೆ ಬಾರದಿದ್ದರೆ.

ಇನ್ನು ಹಸಿರು ಪುಡಿಯೊಂದೇ ಬಾಕಿ. ಅದು ತಾಮ್ರದ ಕಾರ್ಬೊನೇಟು. ಮೇಷ್ಟ್ರು ಒಂದೇ ಸಲಕ್ಕಾಗುವಷ್ಟು ತೂಗಿ ಪೊಟ್ಟಣ ಕಟ್ಟಿ ಕೊಟ್ಟಿದ್ದಾರೆ. ಜಿಪುಣ ಇರಬೇಕು. ಅದು ಕೆಟ್ಟರೆ ವರದಿಯೂ ಕೆಟ್ಟಂತೆ. ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದಾಳೆ. ಚೆನ್ನಾಗಿ ಕೈ ಪಳಗಲಿ ಅಂತ. ಅವಳ ಕೈಯೋ ನನ್ನದೋ ಹೇಳಲಿಲ್ಲ.

ಮಾರ್ಚ್ ೨೦, ಬುಧವಾರ

ಊಟದ ಹೊತ್ತಿಗೆ ಅಣ್ಣ ಮುಖ ಗಂಟು ಹಾಕಿಕೊಂಡೇ ಬಂದ. ಎರಡು ಬೀದಿಯಾಚೆಯ ದೊಡ್ಡ ಲಾಂಡ್ರಿಯ ಟ್ಯಾಂಕು ತೊಳೆಯಬೇಕು. ಲಾಂಡ್ರಿಯಮ್ಮ ಒಂದು ದಿನ, ಒಂದು ರಾತ್ರಿ ಬಾಗಿಲು ಹಾಕಲು ಒಪ್ಪುತ್ತಿಲ್ಲ. ಆಸ್ಪತ್ರೆಯ ಹೊದಿಕೆಗಳೆಲ್ಲ ಅವಳ ಹತ್ತಿರವೇ ಬರುವುದು. ಮಧ್ಯಾಹ್ನದೊಳಗೆ ಮುಗಿಸಿ ಕೊಡು, ಇಲ್ಲವೇ ಬೇರೆಯವರನ್ನು ಕರೆಯುತ್ತೇನೆ ಅಂದಳಂತೆ.

"ಆಸಿಡ್ಡಿಗೇನು ಚಾಟಿ ಏಟು ಕೊಡ್ಲಾ, ಬೇಗ ಕರಗಿಸು ಅಂತ?" ಅಂದ ಅಣ್ಣ.

"ಬಿಸಿ ಮಾಡಿದ್ರೆ ಬೇಗ ಆಗುತ್ತೆ."

ಎಲ್ಲರ ತುತ್ತೂ ನಿಂತಿತು. ಯಾರು ಮಾತಾಡಿದ್ದು ಅಂತ ನಾನೂ ಒಂದು ಕ್ಷಣ ನೋಡಿದೆ. ನಾನೇ.

"ಅಯ್ಯಯ್ಯೋ, ಮೂಗಿ ಮಾತಾಡಿದ್ಲು! ಅಪ್ಪಾ, ಮಳೆ ಬರುತ್ತೆ ನೋಡು, ಹೊರಗೆ ಹಾಕಿರೋ ಬಟ್ಟೆ ತಗೊಳ್ಳಿ!" ಅಂತ ಅಣ್ಣ ಮೇಜು ಬಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ನಿಜವಾ?"

"ನಿಜ. ಅರ್ಧಕ್ಕರ್ಧ ಬೇಗ ಆಗುತ್ತೆ. ನಾವಿಬ್ರೂ ಅಳೆದು ನೋಡಿದೀವಿ" ಅಂದಳು ಅತ್ತಿಗೆ. ನಾವಿಬ್ಬರೂ ಅಂತೆ. "ಆದ್ರೆ ಹುಷಾರು ರೀ, ಹಬೆ ಕಣ್ಣಿಗೆ ಹೊಡೀಬಾರದು."

"ಲಾಂಡ್ರೀಲಿ ಬಿಸಿನೀರಿಗೇನು ಬರ!" ಅಂತ ಅಣ್ಣ ಎರಡು ಸಲ ಬಡಿಸಿಕೊಂಡು ಉಂಡ. ಗುಳ್ಳೆ ಎಣಿಸಿ ಏನು ಸಿಗುತ್ತೆ ಅಂತ ಕೇಳಿದವನು ಇವನೇ. ಗುಳ್ಳೆಯಿಂದ ತನಗೆ ಲಾಭ ಅಂತ ಗೊತ್ತಾದ ಕೂಡಲೇ ವಿಜ್ಞಾನ ದೊಡ್ಡದಾಯಿತು.

ನನ್ನ ಕಿವಿ ಇನ್ನೂ ಬಿಸಿಯಾಗಿದೆ. ಇನ್ನೊಮ್ಮೆ ಬಾಯಿ ತೆರೆಯುವುದಿಲ್ಲ.

ಮಾರ್ಚ್ ೨೨, ಶುಕ್ರವಾರ

ಇವತ್ತು ಬರೆಯಲಾರೆ. ಅಣ್ಣ ಬದುಕಿದ್ದಾನೆ.

ಮಾರ್ಚ್ ೨೩, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಅಣ್ಣ, ಡ್ರಮ್ಮಣ್ಣ ಲಾಂಡ್ರಿಗೆ ಹೋದರು. ನಾವು ಹಿಂದಿನ ಕೋಣೆಯಲ್ಲಿ ಹಸಿರು ಪುಡಿಗೆ ಕೂತೆವು. ಅತ್ತಿಗೆ ಪುಡಿ ಹಾಕಿ ಬಿರಡೆ ಜಡಿದಳು. ಆಸಿಡ್ಡು ಹಸಿರು ನೀಲಿಯಾಗುತ್ತ ಬಂತು. ನಾನು ಗಡಿಯಾರ ನೋಡುತ್ತ ಟಣ್ ಅನ್ನಿಸುತ್ತಿದ್ದೆ. ಅಪ್ಪ ಕೋಲೂರಿಕೊಂಡು ಬಾಗಿಲಿಗೆ ಬಂದು ನಿಂತ.

"ನಿನ್ನ ಯಜಮಾನರು ಫೋನ್ ಮಾಡಿದ್ರು" ಅಂದ ಅತ್ತಿಗೆಗೆ. "ಬಿಸಿನೀರಿಗೆ ಆಸಿಡ್ ಸುರಿದ್ನಂತೆ. ಟೀ ಕುಡಿದು ಬರೋದ್ರೊಳಗೆ ಹಕ್ಕಳೆ ಎಲ್ಲ ಕರಗಿ ಹೋಯ್ತಂತೆ. ನೀರು ಬಿಟ್ಟಾಯ್ತು, ಈಗಲೇ ಇಳೀತೀನಿ, ಊಟಕ್ಕೆ ಮನೆಗೇ ಬರ್ತೀನಿ ಅಂದ. ಒಂದು ರಾತ್ರಿ ಉಳೀತು ನೋಡು ಅಂತ ನಂಗೇ ಹೇಳ್ತಾನೆ."

ನನ್ನ ಚಮಚ ನಿಂತಿತು. ಹಕ್ಕಳೆ ಅಂದರೆ ನಮ್ಮ ಬಾಟಲಿಯ ಚೂರಿನ ಜಾತಿಯದೇ. ಬಾಟಲಿಯೊಳಗೆ ಒಂದು ಹಿಡಿ ಚೂರು ಕರಗಿದರೆ ಜಾಡಿ ತುಂಬ ಗಾಳಿ. ಅಲ್ಲಿ ಗೋಡೆಗೋಡೆಯೇ ಕರಗಿದೆ. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ತಳದಲ್ಲಿ ಕೂತಿರುತ್ತದೆ.

"ಆ ಗಾಳಿ ಎಲ್ಲಿ ಹೋಯ್ತು?" ಅಂದೆ. "ಅತ್ತಿಗೇ, ಟ್ಯಾಂಕಿನ ಬಾಯಿ ಇರೋದು ಮೇಲೆ. ಗಾಳಿ ತಳದಲ್ಲಿದೆ. ಒಂದು ರಾತ್ರಿ ತೆರೆದಿಡೋದು ಅದಕ್ಕೇ!"

ಅತ್ತಿಗೆ ಬಿರಡೆಯಿಂದ ಕೈ ತೆಗೆದಳು. ಗಾಜು ಟಬ್ಬಿನೊಳಗೆ ಅಡ್ಡ ಬಿದ್ದು, ಒಳಗಿದ್ದ ಗಾಳಿಯೆಲ್ಲ ಬುಳುಬುಳು ಹೊರಟುಹೋಯಿತು. ಆ ಹಸಿರು ಪುಡಿಯ ಕತೆ ಅಲ್ಲಿಗೆ ಮುಗಿಯಿತು. ಅವಳು ಅದನ್ನು ತಿರುಗಿಯೂ ನೋಡಲಿಲ್ಲ. ಫೋನು ಹಚ್ಚುತ್ತ ಓಡಿದಳು. ಅಣ್ಣ ಇಳಿಯುವಾಗ ಫೋನನ್ನು ಅಂಗಿಯ ಜೊತೆ ಬಿಚ್ಚಿಡುತ್ತಾನೆ, ಎತ್ತಲಿಲ್ಲ. ನಾನು ಅವಳನ್ನು ದಾಟಿ ಮುಂದೆ ಹೋದೆ. ಅವಳು ಲೈಬ್ರರಿಗೆ ನಡೆದು ಬೆಳೆದವಳು, ನಾನು ಉಪ್ಪು ಮುಗಿಯಿತು, ಹಾಲು ಮುಗಿಯಿತು ಅಂತ ಓಡಿ ಬೆಳೆದವಳು.

ಲಾಂಡ್ರಿಯ ಹಿಂದಿನ ಶೆಡ್ಡಿನಲ್ಲಿ ಏಣಿ. ಹತ್ತಿದೆ. ಅಣ್ಣ ಇಳಿದಾಗಿತ್ತು. ಡ್ರಮ್ಮಣ್ಣ ಟ್ಯಾಂಕಿನ ಬಾಯಿಯಲ್ಲಿ ಬಗ್ಗಿ, "ಓಯ್, ತಮಾಷೆ ಸಾಕು ಮಾರಾಯ, ಎದ್ದೇಳೋ" ಅನ್ನುತ್ತಿದ್ದ. ಆಮೇಲೆ ತಮಾಷೆಯಲ್ಲ ಅಂತ ಗೊತ್ತಾಗಿ ಒಂದು ಕಾಲು ಒಳಗೆ ಹಾಕಿದ. ಅವನು ಇಳಿದರೆ ಅವನೂ ಬೀಳುತ್ತಾನೆ. ಹಗ್ಗ ಎಳೆಯಲು ಮೇಲೆ ಯಾರೂ ಉಳಿಯುವುದಿಲ್ಲ. ನಾನು ಅವನ ಇನ್ನೊಂದು ಕಾಲನ್ನು ತಬ್ಬಿಕೊಂಡೆ.

"ಬಿಡೇ ಮೂಗಿ! ಅವನು ಬಿದ್ದಿದಾನೆ!"

"ಇಳೀಬೇಡ! ಇಳಿದ್ರೆ ನೀನೂ ಸಾಯ್ತೀಯ! ಹಗ್ಗ ಎಳಿ! ಹಗ್ಗ ಎಳಿಯೋ ದಡ್ಡಾ!"

ನನಗಿಂತ ಎಷ್ಟೋ ದೊಡ್ಡವನು. ದಡ್ಡ ಅಂದುಬಿಟ್ಟೆ. ಕೆಳಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸರೆಲ್ಲ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿ ಬಂದರು, ಅಷ್ಟು ಜೋರಾಗಿತ್ತಂತೆ. ಡ್ರಮ್ಮಣ್ಣ ಬೆದರಿ ಕಾಲು ಹೊರಗೆ ತೆಗೆದ. ಇಬ್ಬರೂ ಹಗ್ಗ ಎಳೆದೆವು. ಆ ಹೊತ್ತಿಗೆ ಬಂದ ಅತ್ತಿಗೆಯೂ ಕೈ ಹಚ್ಚಿದಳು. ಅಣ್ಣನ ತಲೆ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು, ನಮ್ಮ ಬಾಟಲಿಯ ನೀಲಿಯಲ್ಲ, ಬೇರೆ ನೀಲಿ. ಹಲಗೆಯ ಮೇಲೆ ಮಲಗಿಸಿದೆವು. ಅತ್ತಿಗೆ ಅವನ ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಊದಿದಳು, ಎಲ್ಲರ ಎದುರಿಗೇ. ಮತ್ತೆ ಊದಿದಳು. ಅವನು ಕೆಮ್ಮಿದ. ಆಮೇಲೆ ವಾಂತಿ ಮಾಡಿಕೊಂಡ. ಅಷ್ಟು ಚೆಂದದ ವಾಂತಿಯನ್ನು ನಾನು ನೋಡಿಲ್ಲ.

ಕಣ್ಣು ಬಿಟ್ಟ ಕೂಡಲೇ ಅವನು ಕೇಳಿದ್ದು, "ಯಾರು ಹಾಗೆ ಅರಚಿದ್ದು?"

ಬಿಸಿ ಮಾಡು ಅಂತ ಹೇಳಿದವಳು ನಾನೇ. ಆಸ್ಪತ್ರೆಯಿಂದ ಬಂದಮೇಲೆ ಅಡುಗೆಮನೆಯಲ್ಲಿ ಅತ್ತಿಗೆಗೆ ಅದನ್ನು ಹೇಳಿದೆ. "ನೀವು ಹೇಳಿದ್ದು ಸರಿಯೇ, ಅರ್ಧ" ಅಂದಳು. "ಇನ್ನರ್ಧ ನಾನು ಹೇಳಬೇಕಿತ್ತು. ಹಬೆ ಅಂದೆ, ಗಾಳಿ ಅನ್ನಲಿಲ್ಲ." ನನ್ನ ತಪ್ಪಿನಲ್ಲಿ ಅರ್ಧ ಪಾಲನ್ನೂ ಎತ್ತಿಕೊಂಡು ಹೋದಳು, ಟಬ್ಬು ಎತ್ತಿಕೊಂಡು ಹೋದ ಹಾಗೆ. ಈ ಸಲ ಕೇಳಲೂ ಇಲ್ಲ.

ಮಾರ್ಚ್ ೨೬, ಮಂಗಳವಾರ

ಅಣ್ಣನಿಗೆ ತಲೆನೋವು ಇನ್ನೂ ಹೋಗಿಲ್ಲ, ನಾಲಗೆ ಮಾತ್ರ ಪೂರ್ತಿ ಗುಣವಾಗಿದೆ. ಹಾಸಿಗೆಯ ಮೇಲೆ ಒರಗಿಕೊಂಡು ಡ್ರಮ್ಮಣ್ಣನಿಗೆ ಪಾಠ ಹೇಳುತ್ತಿದ್ದ. "ತಳದಲ್ಲಿ ಗಾಳಿ ಕೂತಿರುತ್ತೆ ಕಣೋ. ಕಾಣಲ್ಲ. ಬೇಗ ಕರಗಿದ್ರೂ ಸರಿ, ನಿಧಾನ ಕರಗಿದ್ರೂ ಸರಿ, ಗಾಳಿ ಅಷ್ಟೇ ಬರುತ್ತೆ. ಮೊದ್ಲು ದೀಪ ಇಳಿಸಿ ನೋಡ್ಬೇಕು. ದೀಪ ಆರಿದ್ರೆ ಮನುಷ್ಯ ಇಳೀಬಾರ್ದು." ಇದನ್ನೆಲ್ಲ ತಾನೇ ತಪಸ್ಸು ಮಾಡಿ ಕಂಡುಕೊಂಡ ಹಾಗೆ.

"ಇದನ್ನೇ ನಾನೂ ಹೇಳ್ತಿದ್ದೆ" ಅಂದ ಅಪ್ಪ ಕುರ್ಚಿಯಿಂದ. ಅವನು ಯಾವತ್ತೂ ಇದನ್ನು ಹೇಳಿರಲಿಲ್ಲ.

ದೀಪ ಇಳಿಸಲು ನನ್ನ ಸ್ಟೀಲಿನ ಗ್ಲಾಸನ್ನೇ ತೆಗೆದುಕೊಂಡು, ಅದರ ಅಂಚಿಗೆ ತೂತು ಕೊರೆದು ತಂತಿ ಕಟ್ಟಿದ್ದಾರೆ. ಮೊದಲು ಟಬ್ಬು, ಈಗ ಗ್ಲಾಸು.

ಅತ್ತಿಗೆ ಮೇಷ್ಟ್ರ ಹತ್ತಿರ ಹೋಗಿ ಬಂದಳು. ಹಸಿರು ಪುಡಿ ಮತ್ತೆ ಕೊಡಲು ಅವರ ಬಳಿಯೂ ಇಲ್ಲ. ನಾಲ್ಕು ಕಾರ್ಬೊನೇಟು ಬೇಕು, ಮೂರಕ್ಕೆ ವರದಿ ತೆಗೆದುಕೊಳ್ಳುವುದಿಲ್ಲ ಅಂದರಂತೆ. ನಡೆದದ್ದನ್ನು ಹೇಳಿದಿರಾ ಅಂತ ಕೇಳಿದೆ. "ಹೇಳ್ದೆ. ಅದನ್ನ ವರದೀಲಿ ಬರೆಯೋ ಹಾಗಿಲ್ಲವಂತೆ" ಅಂದಳು. ಹಾಳೆಗಳನ್ನೆಲ್ಲ ಜೋಡಿಸಿ ಕಪಾಟಿನ ಮೇಲಿಟ್ಟಳು. ಬಾಟಲಿಗಳನ್ನು ತೊಳೆದು ಒರೆಸಿದಳು. ಗುಜರಿಗೆ ಹೋಗುವುದಾದರೂ ತೊಳೆದೇ ಹೋಗಬೇಕೇನೋ.

ನಾಲ್ಕು ಇಲ್ಲದಿದ್ದರೆ ಮೂರು ಎಣಿಸಲು ಬಾರದ ಮೇಷ್ಟ್ರು. ನಮ್ಮ ಐದನೇ ಕ್ಲಾಸಿನ ಟೀಚರು ಇವರಿಗಿಂತ ವಾಸಿ.

ಮಾರ್ಚ್ ೨೯, ಶುಕ್ರವಾರ

ತಲೆನೋವು ಅಂತ ಮಲಗಿದ್ದ ಯಜಮಾನರು ಬೆಳಿಗ್ಗೆಯೇ ಸ್ಕೂಟರು ತೆಗೆದುಕೊಂಡು ಮಾಯವಾದರು. ಬರುವಾಗ ಸಂಜೆ. ಮುಖ ಬಿಸಿಲಿಗೆ ಕಪ್ಪಾಗಿತ್ತು. ನೇರ ಹಿಂದಿನ ಕೋಣೆಗೆ ಬಂದು ಟಬ್ಬಿನ ಅಂಚಿನ ಮೇಲೆ ಒಂದು ಡಬ್ಬಿ ಇಟ್ಟ. ಅತ್ತಿಗೆ ಮುಚ್ಚಳ ತೆರೆದಳು. ಹಸಿರು. ಒಂದು ಸಲಕ್ಕಲ್ಲ, ಹತ್ತು ಸಲಕ್ಕಾಗುವಷ್ಟು.

"ಎಲ್ಲಿ ಸಿಕ್ತು ರೀ?"

"ದಾರೀಲಿ."

ದಾರಿಯಲ್ಲಂತೆ. ತಾಮ್ರದ ಕಾರ್ಬೊನೇಟು ಬೀದಿಬದಿಯಲ್ಲಿ ಬೆಳೆಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಎಷ್ಟು ಅಂಗಡಿ ಅಲೆದನೋ. "ಹಾಳಾದ್ದು, ಗುಳ್ಳೆ ಎಣಿಸಿ ಮುಗಿಸಿ ಬೇಗ, ಮನೆ ತುಂಬಾ ಬಾಟ್ಲಿ" ಅಂತ ಗೊಣಗುತ್ತ ಹೋಗಿ ಮಲಗಿದ.

ಅತ್ತಿಗೆ ಡಬ್ಬಿ ಹಿಡಿದುಕೊಂಡು ನಲ್ಲಿಯ ಕಡೆ ಮುಖ ಮಾಡಿ ನಿಂತಳು. ನಲ್ಲಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನಾನು ಸುಮ್ಮನೆ ಬಾಟಲಿಗಳನ್ನು ಕೆಳಗಿಳಿಸಿದೆ.

ಮಾರ್ಚ್ ೩೧, ಭಾನುವಾರ

ಹಸಿರು ಪುಡಿ ಮುಗಿಯಿತು. ನಾಳೆ ವರದಿ ಮೇಷ್ಟ್ರ ಕೈಗೆ. ಪಾಸು ಮಾಡುತ್ತಾರೋ ಇಲ್ಲವೋ, ಮಾಡದಿದ್ದರೆ ಆ ಮನುಷ್ಯನಿಗೆ ಕಣ್ಣಿಲ್ಲ ಅಂತ ಲೆಕ್ಕ. ನಾಲ್ಕು ಗೆರೆಯೂ ನೆಟ್ಟಗಿವೆ. ಎರಡನ್ನು ನಾನೇ ಎಳೆದೆ, ಅವಳ ಕೈಗೆ ಬಿಟ್ಟಿದ್ದರೆ ಮತ್ತೆ ಸೊಟ್ಟಗಾಗುತ್ತಿತ್ತು.

ಶುರು ಮಾಡುವಾಗ ಒಂದು ತೊಂದರೆ ಬಂತು. ಗ್ಲಾಸು ಇಲ್ಲ. ತೂತು ಕೊರೆಸಿಕೊಂಡು ಟ್ಯಾಂಕಿನ ಕೆಲಸಕ್ಕೆ ಸೇರಿಬಿಟ್ಟಿದೆ. ಅತ್ತಿಗೆಯ ಎರಡೂ ಕೈ ಆಗಲೇ ಬಿರಡೆಯ ಮೇಲೆ, ಗಾಜಿನ ಮೇಲೆ. ಕೊಳವೆಯಲ್ಲಿ ಗುಳ್ಳೆ ಹೊರಟಾಗಿದೆ. ಎದ್ದು ಹೋಗಿ ಇನ್ನೊಂದು ಗ್ಲಾಸು ಹುಡುಕುತ್ತ ಕೂರಲು ಹೊತ್ತೆಲ್ಲಿ. ಅರ್ಧ ನಿಮಿಷವಾದಾಗ "ಅರ್ಧ" ಅಂದೆ. ಆಮೇಲೆ "ಒಂದು". "ಒಂದೂವರೆ". ಇದೇನು ದೊಡ್ಡ ವಿದ್ಯೆಯಲ್ಲ. "ಇನ್ನೂ ಸ್ವಲ್ಪ ಜೋರಾಗಿ" ಅಂದಳು, ಹೊರಗೆ ಯಾರದೋ ಲಾರಿ ನಿಂತು ಗುರುಗುಟ್ಟುತ್ತಿತ್ತು. ಜೋರಾಗಿಯೇ ಹೇಳಿದೆ. ನಡುವೆ ಅತ್ತಿಗೆ ಗಾಜನ್ನು ವಾಲಿಸಿದಳು. "ಅತ್ತಿಗೇ, ನೆಟ್ಟಗೆ ಹಿಡ್ಕೊಳ್ಳಿ, ಗೆರೆ ಸುಳ್ಳು ಹೇಳುತ್ತೆ!" ಅಂತ ಗದರಿದೆ. ಗದರಿಸಿಕೊಂಡು ನಕ್ಕಳು. ನಗುವಂಥದ್ದೇನಿತ್ತೋ.

ಮುಗಿದ ಮೇಲೆ ಟಬ್ಬನ್ನು ತೊಳೆದು ತಂದು ನನ್ನ ಮುಂದಿಟ್ಟಳು. ಅಲ್ಲೇ ಇರಲಿ ಅಂದೆ. ಬಕೆಟ್ಟಿನಲ್ಲಿ ಒಗೆಯುವುದು ಅಭ್ಯಾಸವಾಗಿಹೋಗಿದೆ, ಈಗ ಟಬ್ಬು ಬಂದು ಏನಾಗಬೇಕು. ಮತ್ತೆ ಸತುವಿನ ಕಾರ್ಬೊನೇಟು ಅಂತ ಒಂದಿದೆಯಂತೆ, ಅದು ಎಷ್ಟು ಬೇಗ ಕರಗುತ್ತದೆ ಅಂತ ಯಾರೂ ಇನ್ನೂ ನೋಡಿಲ್ಲ, ಈ ಮನೆಯಲ್ಲಿ.

ಒಂದು ಮಾತು ಬರೆಯುವುದು ಮರೆತೆ. ನಾನು ನಿಮಿಷ ಕೂಗುತ್ತಿದ್ದಾಗ ಮುಂದಿನ ಕೋಣೆಯಿಂದ ಅಪ್ಪ ಕೇಳಿದ, "ಹಿಂದೆ ಯಾರು ಬಂದಿದಾರೋ?"

"ಯಾರೂ ಬಂದಿಲ್ಲಪ್ಪ" ಅಂದ ಅಣ್ಣ.

"ಮತ್ತೆ ಆ ಗಂಟಲು ಯಾರದು?"

ಮಂಡಿ ಹೋಗಿ ಆಗಲೇ ಎಷ್ಟೋ ಕಾಲವಾಯಿತು. ಈಗ ಅಪ್ಪನ ಕಿವಿಯೂ ಹೋದಂತೆ ಕಾಣುತ್ತದೆ.